ಜೇಬಿನೊಳಗಿನ ಬಲಗೈ

ಮಸ್ಕತ್‌ನಿಂದ ಬಂದ ಮೇಲೆ ಎದುರುಮನೆಯವರು ಮೊದಲು ಕೇಳಿದ್ದು ಖರ್ಜೂರ ತಂದಿರಾ ಎಂದು, ಆಮೇಲೆ ಸೆಖೆ ಹೇಗಿತ್ತು ಎಂದು. ಖರ್ಜೂರ ತಂದಿದ್ದೆ, ಹಂಚಿಯೂ ಆಯಿತು. ಜನವರಿಯಾದ್ದರಿಂದ ಸೆಖೆ ಇರಲಿಲ್ಲ. ಆದರೂ ಹದಿನೈದು ದಿನ ಉರಿದುಕೊಂಡೇ ಇದ್ದೆ. ಅದು ಹೊಟ್ಟೆಯ ಉರಿ. ಅದರ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಬರೆಯುತ್ತಿದ್ದೇನೆ.

ವಾದಿ ಕಬೀರ್

ನನ್ನ ತಂಗಿ ಸುಮಾ ಹದಿನೆಂಟು ವರ್ಷದಿಂದ ಒಮಾನಿನಲ್ಲಿದ್ದಾಳೆ. ಹಮ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ಗಂಡ ಹರೀಶ ಉಡುಪಿಯ ಕಡೆಯವನು, ವಾಹನದ ಬಿಡಿಭಾಗ ಮಾರುವ ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾನೆ. ಮಗಳು ಅನ್ವಿ ಎಂಟನೇ ಕ್ಲಾಸು. ಮಸ್ಕತ್‌ನ ವಾದಿ ಕಬೀರ್ ಬಡಾವಣೆಯಲ್ಲಿ ಮೂರನೇ ಮಹಡಿಯ ಮನೆ. ಕೆಳಗೆ ಬೆಳಗಿನಿಂದ ಗ್ಯಾರೇಜುಗಳ ಟಣ್ ಟಣ್, ಹಿಂದೆ ಒಂದು ಹುಲ್ಲೆಸಳೂ ಇಲ್ಲದ ಕಂದು ಬೆಟ್ಟ.

ಬಂದ ದಿನವೇ ಸೀರೆ ಒಗೆದು ಬಾಲ್ಕನಿಯ ಕಂಬಿಗೆ ಹರವಿದೆ. ಹರೀಶ ಓಡಿ ಬಂದ. "ಅಯ್ಯೋ ಅಕ್ಕ, ರಸ್ತೆಗೆ ಕಾಣುವ ಹಾಗೆ ಬಟ್ಟೆ ಹಾಕ್ಲಿಕ್ಕಿಲ್ಲ ಮಾರಾಯ್ರೆ. ಫೈನ್ ಉಂಟು ಇಲ್ಲಿ. ಕಾರು ಕೊಳೆಯಾದ್ರೂ ಫೈನೇ." ಸೀರೆಯನ್ನು ಅವನೇ ತೆಗೆದು ಒಳಗೆ ಸ್ಟ್ಯಾಂಡಿನ ಮೇಲೆ ಹಾಕಿದ, ನೆರಿಗೆ ಬೀಳದ ಹಾಗೆ ಜಗ್ಗಿ ಜಗ್ಗಿ. ಸಂಜೆ ಕೆಲಸದಿಂದ ಬಂದ ಹೆಂಡತಿಗೆ ಚಹಾ ಮಾಡಿಕೊಟ್ಟವನೂ ಅವನೇ. ಮೈಸೂರಿನಲ್ಲಿ ನಮ್ಮವರಿಗೆ ಚಹಾ ಸೋಸುವ ಜರಡಿ ಯಾವ ಡ್ರಾಯರಿನಲ್ಲಿದೆ ಎಂದು ಇವತ್ತಿಗೂ ತಿಳಿಯದು. ಅಲ್ಲಿಂದಲೇ ನನಗೆ ಶುರುವಾಯಿತು.

ಮನೆಯಲ್ಲಿ ಓದಿನವಳು ನಾನು. ನನಗೆ ರ‍್ಯಾಂಕು, ಅವಳಿಗೆ ಪಾಸು. ನಾನು ಎಂ.ಎ., ಪಿಎಚ್.ಡಿ. ಮಾಡಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿದೆ. ಅವಳು ಮೆಡಿಕಲ್ ಸೀಟು ಸಿಗದೆ ಫಿಸಿಯೋಥೆರಪಿಗೆ ಸೇರಿದಳು. ನಾನು ಅದನ್ನು ನೆಂಟರ ಮುಂದೆಲ್ಲ 'ಕೈಕಾಲು ಒತ್ತೋ ಕೆಲಸ' ಎಂದು ಹೇಳಿ ನಗುತ್ತಿದ್ದೆ. ಈಗ ನಾನು ನಿವೃತ್ತಳು, ಯಾರೂ ಹುಡುಕಿಕೊಂಡು ಬರುವುದಿಲ್ಲ. ಅವಳ ಫೋನು ಊಟದ ನಡುವೆಯೂ ಬಡಿದುಕೊಳ್ಳುತ್ತಿರುತ್ತದೆ.

ಎರಡನೆಯ ದಿನ ಊಟಕ್ಕೆ ಕೂತಾಗ ಸುಮಾ ಹಾಗೇ ಮಾತಿಗೆ ಅಂದಳು: "ನನ್ನ ಒಬ್ರು ಪೇಷೆಂಟು ಇದಾರೆ ಅಕ್ಕ. ಐರ್ಲೆಂಡಿನೋರು ಅಂದ್ರೆ ಕೋಪ ಬರತ್ತೆ ಅವ್ರಿಗೆ. ಬ್ರಿಟಿಷ್ ಅನ್ಬೇಕಂತೆ. ಊರು ನೋಡಿದ್ರೆ ಐರ್ಲೆಂಡಲ್ಲೇ ಇದೆ!"

ನನ್ನ ಕೈಯ ತುತ್ತು ತಟ್ಟೆಗೆ ಬಿತ್ತು. "ಎಷ್ಟು ವಯಸ್ಸು? ಎತ್ತರ ಇದಾರಾ? ರಾಜಕೀಯದಲ್ಲಿದ್ರಾ?" ಎಂದೆ. ಆಮೇಲೆ ಒಂದು ಹೆಸರು ಹೇಳಿದೆ.

ಸುಮಾ ಬಾಯಿ ಮುಚ್ಚಿಕೊಂಡಳು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಅನ್ವಿ ಮೊಬೈಲಿನಿಂದ ತಲೆ ಎತ್ತಿ, "ದೊಡ್ಡಮ್ಮ, ಶಿ ಕಾಂಟ್ ಟೆಲ್ ಯು. ಪೇಷೆಂಟ್ಸ್ ಪ್ರೈವೆಸಿ" ಎಂದಿತು. ತಂಗಿಯ ಮುಖ ನೋಡಿದವರಿಗೆ ಬೇರೆ ಉತ್ತರ ಬೇಕಿರಲಿಲ್ಲ.

ನಡುವೆ ಮೈಸೂರು

ಈ ಮನುಷ್ಯ ಯಾರೆಂದು ಹೇಳದಿದ್ದರೆ ನನ್ನ ಸಂಕಟ ಅರ್ಥವಾಗುವುದಿಲ್ಲ. ಐರ್ಲೆಂಡಿನ ಉತ್ತರದ ತುಂಡು ಇವತ್ತಿಗೂ ಬ್ರಿಟನ್ನಿನ ಭಾಗ. ಅಲ್ಲಿ ಒಂದು ಪಾಲು ಜನ ದಕ್ಷಿಣದ ಐರ್ಲೆಂಡಿನೊಡನೆ ಸೇರಬೇಕು ಎನ್ನುತ್ತಾರೆ. ಇನ್ನೊಂದು ಪಾಲು, ನಾವು ಬ್ರಿಟನ್ನಿನ ಜೊತೆಗೇ ಇರುತ್ತೇವೆ ಎನ್ನುತ್ತಾರೆ. ಈ ಎರಡನೆಯವರು ಯೂನಿಯನಿಸ್ಟರು. ಇದಕ್ಕಾಗಿ ಅಲ್ಲಿ ಹರಿದ ರಕ್ತ ಸ್ವಲ್ಪವಲ್ಲ. ಆ ಯೂನಿಯನಿಸ್ಟರ ಒಂದು ಸಣ್ಣ ಪಕ್ಷಕ್ಕೆ ಇವರು ಬಹುಕಾಲ ನಾಯಕರು.

ಹೆಸರು ಬರೆಯುವುದಿಲ್ಲ, ಕಾರಣ ಮುಂದೆ ಬರುತ್ತದೆ. ನಮ್ಮ ಮನೆಯಲ್ಲಿ ಅವರಿಗೆ 'ದೊರೆ' ಎಂದೇ ಹೆಸರು. ನಮ್ಮವರು ಇಟ್ಟದ್ದು. "ಏನು, ನಿನ್ನ ದೊರೆ ಇವತ್ತು ಏನಂತಾನೆ?" ಎಂದು ರೇಗಿಸುತ್ತಿದ್ದರು. ನನ್ನ ಪಿಎಚ್.ಡಿ. ಅವರ ಮೇಲೆ. ಗೈಡು ಆ ದೇಶದ ವಿಷಯ ಕೊಟ್ಟಿದ್ದರು, ನಾನು ಆ ಮನುಷ್ಯನನ್ನು ಹಿಡಿದುಕೊಂಡೆ. ಪದವಿ ಬಂದ ಮೇಲೂ ಬಿಡಲಿಲ್ಲ. ಕನ್ನಡದಲ್ಲಿ ಅವರ ಜೀವನಚರಿತ್ರೆ ಬರೆಯುತ್ತ ಮೂವತ್ತು ವರ್ಷ ಕಳೆದಿದ್ದೇನೆ. ಅವರ ಅಪ್ಪ ಬಟ್ಟೆ ಅಂಗಡಿ ಇಟ್ಟಿದ್ದವರು, ಭಾನುವಾರ ಚರ್ಚಿನಲ್ಲಿ ಬೋಧನೆ ಮಾಡುತ್ತಿದ್ದವರು. ಮಗ ವಕೀಲರಾದರು. ಒಡಹುಟ್ಟಿದ ತಮ್ಮನೊಬ್ಬ ಬಾಂಬಿಗೆ ಬಲಿಯಾದ ಮೇಲೆ ರಾಜಕೀಯಕ್ಕೆ ಬಂದರು. ಯಾವ ಸಂಧಾನ ಬಂದರೂ ಇಲ್ಲ, ಇಲ್ಲ, ಇಲ್ಲ ಎಂದರು. ಹೆಂಡ ಮುಟ್ಟಿದವರಲ್ಲ. ಪಾನನಿರೋಧ ಸಂಘಕ್ಕೆ ಅಧ್ಯಕ್ಷರು. ಇವೆಲ್ಲ ನನಗೆ ಬಾಯಿಪಾಠ. ಅವರ ಸೋದರತ್ತೆಯ ಹೆಸರೂ ಗೊತ್ತು, ನಾಯಿಯ ಹೆಸರೂ ಗೊತ್ತು. ಮೂರು ಕಾಗದ ಬರೆದಿದ್ದೆ. ಒಂದಕ್ಕೂ ಉತ್ತರ ಬರಲಿಲ್ಲ.

ಕೊನೆಗೊಮ್ಮೆ ಅವರು ಶಾಂತಿ ಮಾತುಕತೆಗೆ ಕೂತರು. ಒಪ್ಪಂದವಾಯಿತು, ಸಹಿಯನ್ನೂ ಹಾಕಿದರು. ಹೊರಗೆ ಕ್ಯಾಮೆರಾಗಳ ಮುಂದೆ ಎದುರು ಪಕ್ಷದ ಮುಖಂಡ ಕೈ ಚಾಚಿದ. ದೊರೆ ಬಲಗೈಯನ್ನು ಕೋಟಿನ ಜೇಬಿನಿಂದ ತೆಗೆಯಲೇ ಇಲ್ಲ. ಚಾಚಿದ ಕೈ ಹಾಗೇ ಉಳಿಯಿತು. ಆ ಚಿತ್ರ ಪತ್ರಿಕೆಗಳಲ್ಲೆಲ್ಲ ಬಂತು. ಸಹಿ ಹಾಕಿದ್ದಾನೆ, ಆದರೆ ಕೈ ಕೊಟ್ಟಿಲ್ಲ ಎಂದು ಅವರ ಜನ ಕುಣಿದಾಡಿದರು. ಆ ಬೇಸಿಗೆಯ ಮೆರವಣಿಗೆಯಲ್ಲಿ ಗಂಡಸರೆಲ್ಲ ಬಲಗೈ ಜೇಬಿಗಿಟ್ಟುಕೊಂಡೇ ನಡೆದರು.

ನನ್ನ ಪುಸ್ತಕದ ಹನ್ನೊಂದನೆಯ ಅಧ್ಯಾಯ ಪೂರ್ತಿ ಆ ಕೈಯ ಮೇಲೆ. ನಲವತ್ತು ಪುಟ. ಸಹಿಯಲ್ಲಿ ರಾಜಿ, ದೇಹದಲ್ಲಿ ನಿರಾಕರಣೆ ಎಂದು ಏನೇನೋ ಮಂಡಿಸಿದ್ದೇನೆ. ಅದು ನನ್ನ ಹೆಮ್ಮೆಯ ಅಧ್ಯಾಯ. ಆದರೂ ಯಾಕೆ ಎಂಬುದು ಅವರ ಬಾಯಿಂದ ಬರದೆ ಪುಸ್ತಕ ಮುಗಿಸಲು ಮನಸ್ಸು ಬರಲಿಲ್ಲ. ಅಂಥ ಮನುಷ್ಯ ಚಳಿಗಾಲ ಕಳೆಯಲು ಮಗಳ ಮನೆಗೆ ಮಸ್ಕತ್‌ಗೆ ಬಂದು, ವಾರಕ್ಕೆ ಮೂರು ಸಲ ನನ್ನ ತಂಗಿಯ ಮುಂದೆ ಕಾಲು ಚಾಚಿ ಮಲಗುತ್ತಾರೆ!

ಹಮ್ರಿಯಾ

"ನಂಗೂ ಮಂಡಿ ನೋವು ಕಣೆ, ನೋಡ್ತೀಯಾ?" ಎಂದೆ ಮಾರನೆಯ ದಿನ. ಸುಮಾಳ ಮುಖ ಅರಳಿತು. ಐದು ವರ್ಷದಿಂದ ಮಂಡಿ ತೋರಿಸು ಎಂದು ಫೋನಿನಲ್ಲಿ ಬಡಿದುಕೊಳ್ಳುತ್ತಿದ್ದವಳು ಅವಳು. ನೋವು ನಿಜವೇ. ಆದರೆ ನಾನು ಹೋದದ್ದು ಮಂಡಿಗಾಗಿ ಅಲ್ಲ.

ಹಮ್ರಿಯಾ ನಮ್ಮದೇ ಊರಿನ ಹಳೆಯ ಪೇಟೆಯ ಹಾಗಿದೆ. ಕರಿಬೇವು, ನುಗ್ಗೆಕಾಯಿ, ಇಡ್ಲಿ ಅಕ್ಕಿ, ಚಿನ್ನದಂಗಡಿ, ದರ್ಜಿ ಎಲ್ಲವೂ ಒಂದೇ ಸಾಲಿನಲ್ಲಿ. ನಮ್ಮಲ್ಲಿರುವ ಒಂದೇ ಒಂದು ವಸ್ತು ಅಲ್ಲಿಲ್ಲ, ಹಾರ್ನ್. ರಸ್ತೆ ದಾಟಲು ನಿಂತರೆ ಕಾರುಗಳು ತಾವಾಗಿ ನಿಲ್ಲುತ್ತವೆ. ಮೊದಲ ಸಲ ಯಾರೋ ಗಣ್ಯರು ಬರುತ್ತಿರಬೇಕೆಂದು ಹಿಂದೆ ತಿರುಗಿ ನೋಡಿದೆ.

ಕ್ಲಿನಿಕ್ಕಿನ ಬೆಂಚಿನಲ್ಲಿ ಅರ್ಧ ಗಂಟೆ ಕಾದೆ. ಬಾಗಿಲು ತೆರೆಯಿತು. ದೊರೆ ಬಂದರು. ಚಿತ್ರದಲ್ಲಿ ಕಂಡಿದ್ದಕ್ಕಿಂತ ತೆಳ್ಳಗೆ, ಬೆನ್ನು ಬಾಗಿದೆ, ಕಿವಿಯಲ್ಲಿ ಯಂತ್ರ. ನಾನು ಎದ್ದು ನಿಂತೆ. ಮೂವತ್ತು ವರ್ಷದಿಂದ ಮನಸ್ಸಿನಲ್ಲೇ ತಿದ್ದಿಟ್ಟ ವಾಕ್ಯ ನಾಲಗೆಯ ತುದಿಗೆ ಬಂತು. ಅವರು ನನ್ನ ಕಡೆಗೆ ಊರುಗೋಲು ಚಾಚಿ, "ಇದನ್ನು ಸ್ವಲ್ಪ ಹಿಡಿದುಕೊಳ್ಳುತ್ತೀಯಾ, ತಾಯಿ?" ಎನ್ನುವ ಧಾಟಿಯ ಇಂಗ್ಲಿಷಿನಲ್ಲಿ ಏನೋ ಅಂದು ಒಳಗೆ ಹೋದರು. ನನ್ನನ್ನು ಅಲ್ಲಿನ ಆಯಾ ಎಂದುಕೊಂಡಿರಬೇಕು.

ಮುಕ್ಕಾಲು ಗಂಟೆ ಆ ಕೋಲು ಹಿಡಿದು ಕೂತಿದ್ದೆ. ಪರದೆಯಾಚೆ ಮಾತು ಕೇಳಿಸುತ್ತಿರಲಿಲ್ಲ, ನಗು ಕೇಳಿಸುತ್ತಿತ್ತು. ನನ್ನ ಟಿಪ್ಪಣಿಗಳಲ್ಲಿ ಎಲ್ಲೂ ಆ ಮನುಷ್ಯ ನಕ್ಕ ದಾಖಲೆ ಇಲ್ಲ. ಹೊರಗೆ ಬಂದಾಗ ಅವರ ಕೈ ಸುಮಾಳ ಭುಜದ ಮೇಲಿತ್ತು. "ಬರುತ್ತೇನೆ, ಸುಮಾ" ಎಂದರು. ಹೆಸರು ಹಿಡಿದು! ನನ್ನ ಕಾಗದಗಳ ಮೇಲೆ ನನ್ನ ಹೆಸರು ಟೈಪು ಮಾಡಿಸಿ ಮೂರು ಸಲ ಕಳಿಸಿದ್ದೆ. ಕೋಲು ಕೊಟ್ಟೆ, ಥ್ಯಾಂಕ್ಸ್ ಅಂದರು, ಹೋದರು. ತಿದ್ದಿಟ್ಟ ವಾಕ್ಯ ನಾಲಗೆಯಲ್ಲೇ ಉಳಿಯಿತು. ಸುಮಾ ಮಾತ್ರ ಏನೂ ನಡೆದೇ ಇಲ್ಲವೆಂಬಂತೆ, "ಬಾ ಅಕ್ಕ, ಮಂಡಿ ನೋಡೋಣ" ಎಂದಳು.

ಮತ್ರಾ

ಶುಕ್ರವಾರ ಎಲ್ಲರೂ ಮತ್ರಾದ ಕಡಲ ದಂಡೆಗೆ ಹೋದೆವು. ಅರ್ಧಚಂದ್ರದ ಹಾಗೆ ಬಾಗಿದ ದಂಡೆ, ಬಿಳಿ ಮನೆಗಳು, ಹಿಂದೆ ಕಪ್ಪು ಬೆಟ್ಟ, ಬಂದರಿನಲ್ಲಿ ಸುಲ್ತಾನರ ಹಡಗು. ಸೂಕ್ ಎಂಬ ಹಳೆಯ ಪೇಟೆಯ ಗಲ್ಲಿಗಳಲ್ಲಿ ಲೋಬಾನದ ಹೊಗೆ. ಅಂಗಡಿಯವರು ನನ್ನ ಸೀರೆ ನೋಡಿ ಹಿಂದಿಯಲ್ಲಿ, ಮಲಯಾಳದಲ್ಲಿ, ಬಂಗಾಳಿಯಲ್ಲಿ ಕರೆದರು. ಒಬ್ಬ ಮಾತ್ರ ಹರೀಶನ ಮುಖ ನೋಡಿ ತುಳುವಿನಲ್ಲಿ ಮಾತಾಡಿಸಿದ. ಹರೀಶನೂ ಅವನೂ ಊರು, ಮನೆ, ಬಂಧುಬಳಗ ಹುಡುಕುತ್ತ ಅಲ್ಲೇ ನಿಂತರು. ಅನ್ವಿಗೆ ಐಸ್‌ಕ್ರೀಮು. ನಾನೂ ಸುಮಾಳೂ ಕಡಲ ಕಟ್ಟೆಯ ಮೇಲೆ ಕೂತೆವು.

ನಾನು ತಡೆಯಲಾರದೆ ಕೇಳಿದೆ. "ಒಂದೇ ಒಂದು ಪ್ರಶ್ನೆ ಕೇಳು ಕಣೆ ಅವ್ರನ್ನ. ಆವತ್ತು ಕೈ ಯಾಕೆ ಕೊಡ್ಲಿಲ್ಲ ಅಂತ. ಅಷ್ಟೇ."

ಸುಮಾ ನೀರಿನತ್ತ ತಿರುಗಿದಳು. "ಅದು ನಂಗೊತ್ತು ಅಕ್ಕ. ಕೇಳದೇನೇ ಹೇಳಿದ್ರು. ಆದ್ರೆ ನಾನು ಹೇಳೋ ಹಾಗಿಲ್ಲ."

ಆ ಮಾತು ಕೇಳಿ ನನಗೆ ಏನಾಯಿತೆಂದು ಬರೆಯಲು ನಾಚಿಕೆ. ನಾನು ಬೇಡಿದ್ದು, ತಪಸ್ಸು ಮಾಡಿದ್ದು, ಇವಳಿಗೆ ಕೇಳದೆಯೇ ದಕ್ಕಿದೆ. ಅದೂ ದೊರೆಯ ನಿಜವಾದ ಹೆಸರನ್ನು ಹೋದ ತಿಂಗಳ ತನಕ ಕೇಳಿರದ ಇವಳಿಗೆ.

"ನಾನು ನಿನ್ನ ಅಕ್ಕ. ನಂಗೂ ಹೇಳಲ್ವಾ?"

"ನೀನು ಅಕ್ಕ ಅಂತ್ಲೇ ಹೇಳಕ್ಕಾಗಲ್ಲ. ನೀನು ಪುಸ್ತಕ ಬರೀತಿದ್ದೀಯ."

"ಕೈಕಾಲು ಒತ್ತೋರಿಗೆ ಎಂಥದೇ ಅಷ್ಟು ದೊಡ್ಡ ಗುಟ್ಟು?"

ಆಡಿದ ಮೇಲೆ ಮಾತು ನನ್ನ ಕಿವಿಗೂ ಬಿತ್ತು. ಸುಮಾ ಚಪ್ಪಲಿ ಹಾಕಿಕೊಂಡಳು, ಅನ್ವಿಗೆ ಬಾಯಿ ಒರೆಸಿಕೊಳ್ಳಲು ಟಿಶ್ಯೂ ಕೊಟ್ಟಳು, ಕಾರಿನ ಹತ್ತಿರ ಹೋದಳು. ದಾರಿಯುದ್ದಕ್ಕೂ ಹರೀಶನೊಬ್ಬನೇ ಮಾತಾಡಿದ. ಬೆಟ್ಟದ ಮೇಲಿನ, ಧೂಪದಾನಿಯ ಆಕಾರದ ದೊಡ್ಡ ಕಟ್ಟಡ ತೋರಿಸಿ, "ನೋಡಿ ಅಕ್ಕ, ಫೋಟೋ ತೆಗೆಯಿರಿ" ಎಂದ. ನಾನು ತೆಗೆಯಲಿಲ್ಲ. ಮಾರನೆಯ ಬೆಳಿಗ್ಗೆ ಸುಮಾ ಎಂದಿನ ಹಾಗೇ ದೋಸೆ ಹಾಕಿದಳು, ಚಟ್ನಿ ಬಡಿಸಿದಳು, ಮಂಡಿಯ ವ್ಯಾಯಾಮ ಮಾಡಿಸಿದಳು. ಎಣಿಕೆ ಬಿಟ್ಟು ಬೇರೆ ಮಾತಿರಲಿಲ್ಲ. ಒಂದು, ಎರಡು, ಮೂರು, ಬಿಡು.

ಅಲ್ ಮಬೇಲಾ

ಅಬೂ ಸಾಲಿಂ ಎಂಬ ಒಮಾನಿ ಹಿರಿಯರು ಸುಮಾಳ ಇನ್ನೊಬ್ಬ ರೋಗಿ. ಬೆನ್ನುನೋವು ವಾಸಿಯಾದ ಸಂತೋಷಕ್ಕೆ ಅಲ್ ಮಬೇಲಾದ ತಮ್ಮ ಹೊಸ ಮನೆಗೆ ನಮ್ಮನ್ನೆಲ್ಲ ಕರೆದಿದ್ದರು. ಊರ ಹೊರಗಿನ ಬಡಾವಣೆ ಅದು. ಅರ್ಧ ಕಟ್ಟಿದ ಮನೆಗಳು, ಟೈಲ್ಸ್ ಅಂಗಡಿ, ಖಾಲಿ ಸೈಟಿನಲ್ಲಿ ಆಡು. ಒಳಗೆ ಹೋದರೆ ರತ್ನಗಂಬಳಿಯ ಮೇಲೆ ದಿಂಬಿಗೊರಗಿ ದೊರೆ ಕೂತಿದ್ದರು. ಕ್ಲಿನಿಕ್ಕಿನಲ್ಲಿ ಒಂದೇ ಹೊತ್ತಿಗೆ ಬರುವ ಮುದುಕರಿಬ್ಬರಿಗೂ ಸ್ನೇಹವಾಗಿತ್ತಂತೆ. ಇದು ಸುಮಾಳಿಗೂ ಗೊತ್ತಿರಲಿಲ್ಲ. ಅವಳು ಗಾಬರಿಯಿಂದ ನನ್ನತ್ತ ನೋಡಿದಳು. ಎರಡು ದಿನದಲ್ಲಿ ಅವಳು ನನ್ನನ್ನು ನೋಡಿದ್ದು ಅದೇ ಮೊದಲು.

ಕಾಫಿ ಬಂತು. ಹಿಡಿಯಿಲ್ಲದ ಪುಟ್ಟ ಬಟ್ಟಲು, ಏಲಕ್ಕಿಯ ವಾಸನೆ, ಸಕ್ಕರೆಯಿಲ್ಲ. ನಮ್ಮ ಫಿಲ್ಟರ್ ಕಾಫಿಯ ಮುಂದೆ ಕಷಾಯವೆಂದೇ ಹೇಳಬೇಕು. ಕುಡಿದು ಮುಗಿಸಿದೆ. ಅಬೂ ಸಾಲಿಂ ಅವರ ಮಗ ಮತ್ತೆ ಸುರಿದ. ಬೇಡವೆಂದರೆ ಅವಮಾನವಾದೀತೆಂದು ಕುಡಿದೆ. ಮತ್ತೆ ಸುರಿದ. ಆರನೆಯ ಬಟ್ಟಲಿಗೆ ನನ್ನ ಎದೆ ಡವಡವ ಎನ್ನುತ್ತಿತ್ತು. ಸುಮಾ ನೋಡುತ್ತಿದ್ದಳು, ಬಾಯಿ ಬಿಡಲಿಲ್ಲ. ಅವಳಿಗೆ ಅಷ್ಟು ಸಂತೋಷ ಸಲ್ಲಬೇಕಾದದ್ದೇ.

"ಅದನ್ನು ಹೀಗೆ ಅಲ್ಲಾಡಿಸಬೇಕು" ಎಂದರು ದೊರೆ. ನಮ್ಮಿಬ್ಬರ ನಡುವೆ ಕೂತಿದ್ದವನು ಹರೀಶನೊಬ್ಬನೇ. ಅವರು ಖಾಲಿ ಬಟ್ಟಲನ್ನು ಬಲಗೈಯ ಮೂರು ಬೆರಳಲ್ಲಿ ಎತ್ತಿ, ಮಣಿಕಟ್ಟನ್ನು ಎರಡು ಸಲ ಅತ್ತಿತ್ತ ತಿರುಗಿಸಿದರು. ಸಾಕು ಎಂದು ಇಲ್ಲಿ ಬಾಯಲ್ಲಿ ಹೇಳುವುದಿಲ್ಲ, ಬಟ್ಟಲು ಅಲ್ಲಾಡಿಸುತ್ತಾರೆ. ಮಗ ನಗುತ್ತ ಬಟ್ಟಲು ತೆಗೆದುಕೊಂಡ.

ನಾನು ಆ ಕೈಯನ್ನೇ ನೋಡುತ್ತಿದ್ದೆ. ಅದೇ ಕೈ. ಇನ್ನು ಸುಮ್ಮನಿದ್ದರೆ ಸತ್ತೇ ಹೋಗುತ್ತೇನೆ ಅನ್ನಿಸಿತು. ನಾನು ಯಾರು, ಏನು ಬರೆದಿದ್ದೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಹನ್ನೊಂದನೆಯ ಅಧ್ಯಾಯದ ಸಾರವನ್ನೂ ಹೇಳಿದೆ, ಸಹಿಯಲ್ಲಿ ರಾಜಿ, ದೇಹದಲ್ಲಿ ನಿರಾಕರಣೆ ಎಲ್ಲ. ಅವರು ಕಿವಿಯ ಯಂತ್ರ ಸರಿಮಾಡಿಕೊಂಡು ಕೇಳಿದರು.

"ನಲವತ್ತು ಪುಟವೇ?" ಎಂದರು.

"ನಲವತ್ತು."

"ನಿಮ್ಮ ತಂಗಿ ನಿಮಗೆ ಹೇಳಲಿಲ್ಲವೇ?"

"ಇಲ್ಲ. ಕೇಳಿದೆ. ಹೇಳಲಿಲ್ಲ."

ಅವರು ಸುಮಾಳ ಕಡೆಗೆ ನೋಡಿದರು. ಆಮೇಲೆ ಬಲಗೈಯನ್ನು ನನ್ನ ಮುಂದೆ ಚಾಚಿ, ಮಣಿಕಟ್ಟನ್ನು ಸಡಿಲ ಬಿಟ್ಟರು. ಕೈ ಒಣಗಿದ ಬಾಳೆಲೆಯ ಹಾಗೆ ಜೋತುಬಿತ್ತು. "ಆ ಬೆಳಿಗ್ಗೆ ಇದು ಹೀಗಿತ್ತು" ಎಂದರು.

ಮಾತುಕತೆ ಎರಡು ದಿನ ಬಿಡುವಿಲ್ಲದೆ ನಡೆದಿತ್ತು. ಬೆಳಗಿನ ಜಾವ ಕುರ್ಚಿಯ ಬೆನ್ನಿನ ಮೇಲೆ ತೋಳು ಇಳಿಬಿಟ್ಟು ನಿದ್ದೆ ಹೋದರಂತೆ. ತೋಳಿನ ನರ ಅಮುಕಿಕೊಂಡಿತು. ಎದ್ದಾಗ ಮಣಿಕಟ್ಟು ಏಳುತ್ತಿಲ್ಲ, ಬೆರಳು ಬಿಚ್ಚುತ್ತಿಲ್ಲ. ಬೇರೆ ಯಾರೂ ಇಲ್ಲದ ಕೋಣೆಯಲ್ಲಿ ಎಡಗೈಯಲ್ಲಿ ಗೀಚಿ ಸಹಿ ಹಾಕಿದರು. ಬಲಗೈಯನ್ನು ಜೇಬಿಗೆ ತುರುಕಿಕೊಂಡು ಹೊರಗೆ ಬಂದರು. ಎದುರಿಗೆ ಚಾಚಿದ ಕೈ, ಅದರ ಹಿಂದೆ ಕ್ಯಾಮೆರಾಗಳು.

"ಹಾಗಂತ ಹೇಳಬಹುದಿತ್ತಲ್ಲ?"

ಅವರು ಸುಮಾಳಿಗೆ ಸನ್ನೆ ಮಾಡಿದರು. ಹೇಳು ಎಂಬಂತೆ. ಆಗ ಅವಳು ಬಾಯಿ ತೆಗೆದಳು. "ಅಕ್ಕ, ಅದು ಸಾಮಾನ್ಯವಾಗಿ ಕುಡುಕ್ರಿಗೆ ಬರತ್ತೆ. ಕುಡಿದ ಮತ್ತಲ್ಲಿ ಕುರ್ಚಿ ಮೇಲೆ ತೋಳು ಹಾಕ್ಕೊಂಡು ಮಲಗಿದ್ರೆ ಎಚ್ಚರಾನೇ ಆಗಲ್ವಲ್ಲ. ಡಾಕ್ಟ್ರೂ ಇವ್ರನ್ನ ಮೊದ್ಲು ಕೇಳಿದ್ದು ಅದನ್ನೇ, ಎಷ್ಟು ಕುಡಿದಿದ್ರಿ ಅಂತ."

ಪಾನನಿರೋಧ ಸಂಘದ ಅಧ್ಯಕ್ಷರು! ಶಾಂತಿ ಒಪ್ಪಂದದ ಮುಂಜಾನೆ ಕುಡುಕರ ಕೈ ಹೊತ್ತು ಬಂದರು ಎಂದರೆ ಅವರ ಜನ ಒಂದು ದಿನವೂ ಉಳಿಸುತ್ತಿರಲಿಲ್ಲ. ಡಾಕ್ಟರನ್ನು ಬಿಟ್ಟರೆ ಹೆಂಡತಿಯೊಬ್ಬರಿಗೆ ಹೇಳಿದರು. ನಾಲ್ಕು ತಿಂಗಳಲ್ಲಿ ಕೈ ಸರಿಹೋಯಿತು. ಅಷ್ಟರಲ್ಲಿ ಆ ಜೇಬಿನ ಕೈಗೆ ಮತ ಬೀಳತೊಡಗಿತ್ತು.

"ಆಮೇಲೆ ಹೇಳಲು ನನಗೆ ಮನಸ್ಸಾಗಲಿಲ್ಲ" ಎಂದರು ದೊರೆ. "ಕೈ ಚಾಚಿದವನು ತೀರಿಕೊಂಡ. ನಾನು ಬೇಕೆಂದೇ ಕೊಡಲಿಲ್ಲ ಎಂದುಕೊಂಡೇ ಸತ್ತ. ಸಾವಿನ ಮನೆಗೆ ಹೋಗಿ ಅವನ ಹೆಂಡತಿಯ ಮುಂದೆ ಕೈ ಚಾಚಿದೆ. ಆಕೆ ತನ್ನ ಕೈಯನ್ನು ಮಡಿಲಿನಿಂದ ಎತ್ತಲಿಲ್ಲ."

ಅಬೂ ಸಾಲಿಂ ಅವರಿಗೆ ಇಂಗ್ಲಿಷು ಅಷ್ಟಕ್ಕಷ್ಟೇ, ಆದರೂ ಖರ್ಜೂರದ ತಟ್ಟೆಯನ್ನು ಮೆಲ್ಲನೆ ಸ್ನೇಹಿತನ ಹತ್ತಿರ ಸರಿಸಿದರು.

ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ, ಆ ಹೊತ್ತಿನಲ್ಲೂ ನನ್ನ ಕರುಳು ಚುರುಕ್ ಎಂದದ್ದು ಅವರ ದುಃಖಕ್ಕಲ್ಲ. ಇದನ್ನು ಇವಳಿಗೆ ಯಾಕೆ ಮೊದಲು ಹೇಳಿದರು ಎಂದು. ಕೇಳಿಯೇಬಿಟ್ಟೆ.

"ಮೊದಲ ದಿನ ಈಕೆ ನನ್ನ ತೋಳು ಒತ್ತಿ ನೋಡಿ, ಇಲ್ಲಿ ಹಿಂದೆ ಯಾವಾಗಲಾದರೂ ನೋವಾಗಿತ್ತಾ ಎಂದು ಕೇಳಿದಳು" ಎಂದರು. "ಆ ಕೈಗೆ ನೋವಾಗಿತ್ತಾ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ."

"ನಾನು ಬರೆಯಬಹುದೇ?"

ಅವರು ಒಂದು ಖರ್ಜೂರ ತಿಂದು, ಬೀಜವನ್ನು ತಟ್ಟೆಯ ಅಂಚಿಗಿಟ್ಟರು. "ನಿಮ್ಮ ಭಾಷೆಯಲ್ಲಾದರೆ ಬರೆಯಿರಿ. ನಮ್ಮ ಚರ್ಚಿನಲ್ಲಿ ಯಾರಿಗೂ ಅದು ಓದಲು ಬಾರದು. ಹೆಸರು ಬೇಡ. ಆದರೆ ಇಷ್ಟು ದಿನ ಇದನ್ನು ಕಾಪಾಡಿದವಳು ಈಕೆ. ಈಕೆ ಹೂಂ ಅಂದರೆ ಮಾತ್ರ."

ಹೊರಡುವಾಗ ನಮಸ್ಕಾರ ಮಾಡಿದೆ. ಅವರೂ ಎರಡು ಕೈ ಜೋಡಿಸಿದರು, ಬಹಳ ನಿಧಾನವಾಗಿ.

ಮತ್ತೆ ವಾದಿ ಕಬೀರ್

ಮೂರು ದಿನ ನಾನು ಕೇಳಲಿಲ್ಲ. ಹೆಸರಿಲ್ಲದೆ ಜೀವನಚರಿತ್ರೆ ಹೊರಬರುವ ಹಾಗಿಲ್ಲ, ಆ ನಲವತ್ತು ಪುಟವಂತೂ ರದ್ದಿಗೆ ಹೋಯಿತು. ಅದಕ್ಕೆ ಅಳು ಬರಲಿಲ್ಲ. ಅಪ್ಪಣೆಗಾಗಿ ಸುಮಾಳ ಮುಂದೆ ನಿಲ್ಲಬೇಕಲ್ಲ ಎಂಬುದಕ್ಕೆ ಬರುತ್ತಿತ್ತು. ಹರೀಶನಿಗೆ ವಾಸನೆ ಹತ್ತಿತ್ತು. "ಅಕ್ಕ, ನೀವು ಇಬ್ರೂ ಮಾತಾಡಿ ಖಲಾಸ್ ಮಾಡಿ ಮಾರಾಯ್ರೆ. ಮನೇಲಿ ನಂಗೆ ಉಸಿರು ಕಟ್ತದೆ" ಎಂದ.

ಹೊರಡುವ ದಿನದ ಬೆಳಿಗ್ಗೆ ಚಾಪೆಯ ಮೇಲೆ ಮಲಗಿದ್ದೆ. ಸುಮಾ ನನ್ನ ಕಾಲನ್ನು ತನ್ನ ಹೆಗಲ ಮೇಲಿಟ್ಟುಕೊಂಡು ಮಂಡಿ ಮಡಿಸುತ್ತಿದ್ದಳು. ಅವಳ ಹೆಬ್ಬೆರಳು ಒಂದು ಕಡೆ ನಿಂತಿತು. "ಇಲ್ಲಿ ನೋವಾ?"

"ಹೂಂ" ಎಂದೆ. "ಮತ್ರಾದಲ್ಲಿ ನಾನು ಹಾಗೆ ಅನ್ಬಾರ್ದಿತ್ತು ಕಣೆ. ಚಿಕ್ಕಂದಿನಿಂದ ಅಂತಾನೇ ಬಂದಿದೀನಿ. ನಿನ್ನ ಕಂಡ್ರೆ ಹೊಟ್ಟೆಕಿಚ್ಚು ನಂಗೆ. ಇವತ್ತಿಗೂ."

"ಗೊತ್ತು" ಎಂದಳು ಅವಳು. "ನಾಲ್ಕು, ಐದು, ಬಿಡು."

"ಬರೀಲಾ?"

ಅವಳು ನನ್ನ ಕಾಲನ್ನು ಹೆಗಲಿನಿಂದ ಇಳಿಸಿ, ಚಾಪೆಯ ಮೇಲೆ ನೆಟ್ಟಗೆ ಇಟ್ಟಳು. "ಬರಿ ಅಕ್ಕ. ಆದ್ರೆ ನನ್ನ ಕೆಲ್ಸಾನ ಅದರ ಹೆಸರಲ್ಲೇ ಬರಿ. ಒತ್ತೋ ಕೆಲಸ ಅಂತ ಬೇಡ."

ನನ್ನ ತಂಗಿ ಸುಮಾ ಫಿಸಿಯೋಥೆರಪಿಸ್ಟ್.